ಮೊದಲು ನೀರಿನ ದಾರಿ, ಆಮೇಲೆ ನಿವೇಶನದ ಗೆರೆ

ಜಮೀನು ಮತ್ತು ಕಟ್ಟಡಗಳ ಅಭಿವೃದ್ಧಿಯಲ್ಲಿ ಸ್ಥಳ ವಿನ್ಯಾಸದ ಪಾತ್ರವನ್ನು ಕುರಿತು ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ನಮ್ಮ ಕುಟುಂಬದ ಸುಮಾರು ಐದು ಹೆಕ್ಟೇರ್ ಜಮೀನನ್ನು ಬಡಾವಣೆಯಾಗಿ ಮಾರ್ಪಡಿಸಲು ಹೊರಟಿದ್ದೇವೆ. ಅತಿ ಹೆಚ್ಚು ನಿವೇಶನಗಳು ಸಿಗುವಂತೆ ನಕ್ಷೆ ಬರೆದುಕೊಡುವವರು ಸುಲಭವಾಗಿ ಸಿಗುತ್ತಾರೆ. ಹೀಗಿರುವಾಗ ಸ್ಥಳ ವಿನ್ಯಾಸಕ್ಕೆಂದು ಬೇರೆಯಾಗಿ ಹಣ ಮತ್ತು ಸಮಯ ವ್ಯಯಿಸುವ ಅಗತ್ಯವೇನು?

ಉತ್ತರ: ನಿವೇಶನಗಳ ಸಂಖ್ಯೆಯನ್ನು ಮೊದಲು ನಿಗದಿಪಡಿಸಿ, ಅದಕ್ಕೆ ತಕ್ಕಂತೆ ನೆಲವನ್ನು ಬಗ್ಗಿಸುವ ಕ್ರಮವೇ ಬಡಾವಣೆಗಳ ಬಹುಪಾಲು ತೊಂದರೆಗಳ ಮೂಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮನೆಯ ಗೋಡೆಯನ್ನು ಒಡೆದು ಕಟ್ಟಬಹುದು, ಛಾವಣಿಯನ್ನು ಬದಲಿಸಬಹುದು. ಆದರೆ ರಸ್ತೆಯ ಜಾಡು, ಚರಂಡಿಯ ಮಟ್ಟ ಮತ್ತು ನಿವೇಶನಗಳ ಗಡಿಗಳು ಒಮ್ಮೆ ನೆಲದ ಮೇಲೆ ಬಿದ್ದು ನೋಂದಣಿಯಾದ ಮೇಲೆ ತಲೆಮಾರುಗಳವರೆಗೆ ಹಾಗೆಯೇ ಉಳಿಯುತ್ತವೆ. ಆ ಶಾಶ್ವತ ತೀರ್ಮಾನಗಳನ್ನು ಯೋಚಿಸಿ ತೆಗೆದುಕೊಳ್ಳುವ ಕೆಲಸಕ್ಕೆ ಸ್ಥಳ ವಿನ್ಯಾಸವೆಂದು ಹೆಸರು.

ಅದರ ಮೊದಲ ಹೆಜ್ಜೆ ಗಡಿಯ ಅಳತೆಯಷ್ಟನ್ನೇ ಅಲ್ಲದೆ ನೆಲದ ಏರಿಳಿತವನ್ನೂ ತೋರಿಸುವ ಸರ್ವೆ. ಬಹುತೇಕ ಸಮತಟ್ಟಾದ ಜಮೀನಿಗೆ ಅರ್ಧ ಮೀಟರ್ ಅಂತರದ, ಇಳಿಜಾರಿನ ಜಮೀನಿಗೆ ಒಂದು ಮೀಟರ್ ಅಂತರದ ಸಮೋನ್ನತ ರೇಖೆಗಳು, ಅಂದರೆ ಒಂದೇ ಎತ್ತರದಲ್ಲಿರುವ ಜಾಗಗಳನ್ನು ಕೂಡಿಸುವ ಗೆರೆಗಳು, ಸಾಮಾನ್ಯವಾಗಿ ಸಾಕಾಗುತ್ತವೆ. ಈ ಸರ್ವೆ ನಿಮ್ಮ ಗಡಿಕಲ್ಲಿನ ಬಳಿ ನಿಲ್ಲಬಾರದು. ಮೇಲ್ಭಾಗದ ಜಮೀನಿನಿಂದ ನಿಮ್ಮಲ್ಲಿಗೆ ಹರಿದುಬರುವ ನೀರಿನ ದಾರಿಯೂ, ನಿಮ್ಮಿಂದ ಕೆಳಕ್ಕೆ ಹೋಗುವ ನೀರು ಸೇರುವ ಹಳ್ಳದ ಅಥವಾ ಚರಂಡಿಯ ತಳಮಟ್ಟವೂ ಅದರಲ್ಲಿ ಕಾಣಬೇಕು. ಜೊತೆಗೆ ಕೆಲವು ಕಡೆ ಕೊಳವೆ ಇಳಿಸಿ ಮಣ್ಣಿನ ಮಾದರಿ ತೆಗೆಸಬೇಕು. ಒದ್ದೆಯಾದಾಗ ಉಬ್ಬಿ ಒಣಗಿದಾಗ ಬಿರಿಯುವ ಜೇಡಿಮಣ್ಣು ಎಲ್ಲಿದೆ, ಹಿಂದೆ ಯಾರೋ ತುಂಬಿಸಿದ ಸಡಿಲ ಮಣ್ಣು ಎಲ್ಲಿದೆ, ಅಂತರ್ಜಲ ಎಷ್ಟು ಆಳದಲ್ಲಿದೆ, ನೆಲ ನೀರನ್ನು ಎಷ್ಟು ಬೇಗ ಹೀರಿಕೊಳ್ಳುತ್ತದೆ ಎಂಬ ಸಂಗತಿಗಳು ಇದರಿಂದಲ್ಲದೆ ಬೇರೆ ದಾರಿಯಿಂದ ತಿಳಿಯುವುದಿಲ್ಲ.

1960ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದ ಭೂದೃಶ್ಯ ವಿನ್ಯಾಸಕ ಇಯಾನ್ ಮೆಕ್‌ಹಾರ್ಗ್ ಅವರು ಇಳಿಜಾರು, ಮಣ್ಣು, ನೀರು, ಸಸ್ಯ ಮುಂತಾದ ಒಂದೊಂದು ಸಂಗತಿಯನ್ನೂ ಒಂದೊಂದು ಪಾರದರ್ಶಕ ಹಾಳೆಯಲ್ಲಿ ಗುರುತಿಸಿ, ಆ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ನೋಡುವ ಕ್ರಮವನ್ನು ಜನಪ್ರಿಯಗೊಳಿಸಿದರು. ಹೆಚ್ಚು ಹಾಳೆಗಳಲ್ಲಿ ಕಪ್ಪಾಗಿ ಕಂಡ ಜಾಗ ಕಟ್ಟಡಕ್ಕೆ ಸಲ್ಲದು. ತಿಳಿಯಾಗಿ ಉಳಿದ ಜಾಗ ಸಲ್ಲುತ್ತದೆ. ಈಗ ಅದೇ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡುತ್ತಾರೆ. ನಿಮ್ಮ ಐದು ಹೆಕ್ಟೇರಿಗೂ ಇದನ್ನು ಮಾಡಿಸಿ, ಎಲ್ಲಿ ಕಟ್ಟಬಾರದು ಎಂಬುದನ್ನು ಮೊದಲು ಗುರುತಿಸಿಕೊಳ್ಳಿ. ಆಮೇಲೆ ರಸ್ತೆ, ಎಲ್ಲಕ್ಕೂ ಕೊನೆಗೆ ನಿವೇಶನದ ಗೆರೆ.

ಇನ್ನು ಹಣದ ಮಾತು. 200 ಚದರ ಮೀಟರಿನ 100 ನಿವೇಶನಗಳನ್ನು ನೇರ ರಸ್ತೆಯ ಎರಡೂ ಬದಿಗೆ ಜೋಡಿಸುತ್ತೀರೆಂದು ಭಾವಿಸಿ. ಪ್ರತಿ ನಿವೇಶನವೂ ರಸ್ತೆಗೆ 10 ಮೀಟರ್ ಅಗಲ, ಒಳಕ್ಕೆ 20 ಮೀಟರ್ ಉದ್ದವಿದ್ದರೆ 500 ಮೀಟರ್ ರಸ್ತೆ ಸಾಕು. ಅದೇ ನಿವೇಶನವನ್ನು ಅಡ್ಡಲಾಗಿ ತಿರುಗಿಸಿ 20 ಮೀಟರ್ ಬದಿಯನ್ನು ರಸ್ತೆಗೆ ಕೊಟ್ಟರೆ 1,000 ಮೀಟರ್ ರಸ್ತೆ ಬೇಕು. ರಸ್ತೆ 9 ಮೀಟರ್ ಅಗಲವಿದ್ದರೆ ಹೆಚ್ಚುವರಿಯಾಗಿ 4,500 ಚದರ ಮೀಟರ್ ನೆಲ, ಅಂದರೆ 22 ನಿವೇಶನಗಳಿಗೆ ಆಗುವಷ್ಟು ಜಾಗ, ಡಾಂಬರಿನ ಕೆಳಗೆ ಹೋಗುತ್ತದೆ. ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ತಂತಿ, ಬೀದಿದೀಪ ಎಲ್ಲದರ ಉದ್ದವೂ ಇಮ್ಮಡಿಯಾಗುತ್ತದೆ. ಹಾಗೆಂದು ಮುಂಭಾಗವನ್ನು ತೀರಾ ಕಿರಿದು ಮಾಡಿದರೆ ಮನೆಯ ನಡುವಿನ ಕೋಣೆಗಳಿಗೆ ಗಾಳಿ ಬೆಳಕು ಸಿಗುವುದಿಲ್ಲ. ರಸ್ತೆಗಳನ್ನು ಒತ್ತೊತ್ತಾಗಿ ಹೆಣೆದು ಮನೆಗಳ ಸಂಖ್ಯೆ ಹೆಚ್ಚಿಸಿದಾಗ ಉಳಿಯುತ್ತದೆಂದು ತೋರುವ ಹಣದ ದೊಡ್ಡ ಪಾಲನ್ನು ರಸ್ತೆಯ ಖರ್ಚೇ ತಿಂದುಹಾಕುತ್ತದೆ ಎಂಬುದನ್ನು ಇಂಗ್ಲೆಂಡಿನ ನಗರ ಯೋಜಕ ರೇಮಂಡ್ ಅನ್ವಿನ್ ಅವರು 1912ರಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದರು. ತಗ್ಗಿನಲ್ಲಿ ಅಥವಾ ಮೂಲೆಯಲ್ಲಿ ತುರುಕಿದ ಕೊನೆಯ ನಾಲ್ಕೈದು ನಿವೇಶನಗಳಿಗೆ ಬೇಕಾಗುವ ತಡೆಗೋಡೆ, ತುಂಬುಮಣ್ಣು ಮತ್ತು ಮೋರಿಯ ವೆಚ್ಚವನ್ನು ಪ್ರತ್ಯೇಕವಾಗಿ ಬರೆದು ನೋಡಿ. ಅವು ಲಾಭ ತರುತ್ತವೆಯೋ ಉಳಿದ ನಿವೇಶನಗಳ ಲಾಭವನ್ನು ಕರಗಿಸುತ್ತವೆಯೋ ಎಂಬುದು ಆಗ ತಿಳಿಯುತ್ತದೆ.

ಪ್ರಶ್ನೆ: ಕಟ್ಟಡದ ನಕ್ಷೆ ಈಗಾಗಲೇ ಸಿದ್ಧವಿದೆ. ಸ್ಥಳ ವಿನ್ಯಾಸವನ್ನು ಕಟ್ಟಡ ಮುಗಿದ ಮೇಲೆ ತೋಟದ ಕೆಲಸದ ಜೊತೆ ಮಾಡಿಸಬಹುದೇ?

ಉತ್ತರ: ಆಗದು. ಕಟ್ಟಡ ಎಲ್ಲಿ ನಿಲ್ಲಬೇಕು, ಅದರ ನೆಲಮಟ್ಟ ಎಷ್ಟಿರಬೇಕು, ಬಾಗಿಲು ಯಾವ ಕಡೆಗೆ ತೆರೆಯಬೇಕು ಎಂಬುವು ಸ್ಥಳ ವಿನ್ಯಾಸದ ತೀರ್ಮಾನಗಳು. ಮುಗಿದ ಕಟ್ಟಡದ ಸುತ್ತ ಗಿಡ ನೆಡುವುದು ಒಳ್ಳೆಯ ಕೆಲಸವೇ, ಆದರೆ ಅದು ಬೇರೆ ಕೆಲಸ. ಅಡಿಪಾಯ ಇನ್ನೂ ಬಿದ್ದಿಲ್ಲವಾದರೆ ಇರುವ ನಕ್ಷೆಯನ್ನು ಜಮೀನಿನ ಸರ್ವೆಯ ಮೇಲೆ ಇಟ್ಟು ಪರೀಕ್ಷಿಸಿ. ಕಟ್ಟಡವನ್ನು ಕೆಲವು ಮೀಟರ್ ಸರಿಸುವುದು ಅಥವಾ ಕೊಂಚ ತಿರುಗಿಸುವುದು ಕಾಗದದ ಮೇಲೆ ಬಹಳ ಅಗ್ಗ. ಉದ್ದದ ಗೋಡೆಗಳು ಉತ್ತರ ದಕ್ಷಿಣಕ್ಕೆ ಮುಖ ಮಾಡಿದರೆ, ಬೆಳಗ್ಗೆ ಸಂಜೆ ಕೆಳಮಟ್ಟದಲ್ಲಿ ಬರುವ, ಸಜ್ಜದಿಂದ ತಡೆಯಲಾಗದ ಬಿಸಿಲು ಕಡಿಮೆ ಗೋಡೆಗೆ ತಾಗುತ್ತದೆ. ಇದೊಂದು ತಿದ್ದುಪಡಿಯೇ ಮುಂದಿನ ವರ್ಷಗಳ ವಿದ್ಯುತ್ ಬಳಕೆಯನ್ನು ಇಳಿಸುತ್ತದೆ.

ಪ್ರಶ್ನೆ: ನಾವಿರುವ ವಸತಿ ಸಂಕೀರ್ಣಕ್ಕೆ ಎಲ್ಲ ಅನುಮತಿಗಳೂ ಇವೆ, ಚರಂಡಿಯೂ ಇದೆ. ಆದರೂ ಒಂದು ಗಂಟೆ ಜೋರು ಮಳೆ ಬಂದರೆ ನೆಲಮಾಳಿಗೆಯ ಪಾರ್ಕಿಂಗಿಗೆ ನೀರು ನುಗ್ಗುತ್ತದೆ. ದೋಷ ಎಲ್ಲಿದೆ?

ಉತ್ತರ: ಇಂಥದೇ ತೊಂದರೆಯನ್ನು ಹೇಳುವ ಪತ್ರಗಳು ಎಲ್ಲಕ್ಕಿಂತ ಹೆಚ್ಚು ಬಂದಿವೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಂದು ಹೆಕ್ಟೇರ್ ನೆಲದ ಮೇಲೆ ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆ ಬಿದ್ದರೆ ಒಟ್ಟು ನೀರು 500 ಘನ ಮೀಟರ್. ಆ ನೆಲ ಹುಲ್ಲು ಮರಗಳಿಂದ ಕೂಡಿದ ಸಡಿಲ ಮಣ್ಣಾಗಿದ್ದು ಐದರಲ್ಲಿ ಒಂದು ಪಾಲು ಮಾತ್ರ ಹರಿದುಹೋಗುತ್ತದೆ ಎಂದಿಟ್ಟುಕೊಂಡರೆ ಹೊರಬರುವುದು 100 ಘನ ಮೀಟರ್. ಅದೇ ನೆಲದ ಮೇಲೆ ಛಾವಣಿ, ಕಾಂಕ್ರೀಟ್ ಅಂಗಳ ಮತ್ತು ಡಾಂಬರು ರಸ್ತೆ ಹರಡಿ ಐದರಲ್ಲಿ ನಾಲ್ಕು ಪಾಲು ಹರಿಯುವಂತಾದರೆ 400 ಘನ ಮೀಟರ್. ಮಳೆ ಹೆಚ್ಚಾಗಿಲ್ಲ, ನೀರು ನಾಲ್ಕು ಪಟ್ಟಾಗಿದೆ. ಹರಿಯುವ ಪಾಲು, ಮಳೆಯ ತೀವ್ರತೆ ಮತ್ತು ಜಾಗದ ವಿಸ್ತೀರ್ಣವನ್ನು ಗುಣಿಸಿ ಹರಿವನ್ನು ಅಂದಾಜು ಮಾಡುವ ಈ ಕ್ರಮದ ಬೀಜವಿರುವುದು ಐರ್ಲೆಂಡಿನ ಎಂಜಿನಿಯರ್ ಥಾಮಸ್ ಮಲ್ವನಿ 1851ರಲ್ಲಿ ಮಂಡಿಸಿದ ವಿಚಾರದಲ್ಲಿ. ಸಣ್ಣ ಜಾಗಗಳಿಗೆ ಅದು ಇಂದಿಗೂ ಬಳಕೆಯಲ್ಲಿದೆ. ಇದರ ಜೊತೆಗೆ ಇನ್ನೊಂದು ಬದಲಾವಣೆಯೂ ಆಗುತ್ತದೆ. ಹುಲ್ಲಿನ ನಡುವೆ ನಿಧಾನವಾಗಿ ಇಳಿಯುತ್ತಿದ್ದ ನೀರು ನುಣುಪಾದ ನೆಲದ ಮೇಲೆ ಬೇಗ ಓಡಿ, ಎಲ್ಲ ಕಡೆಯಿಂದಲೂ ಒಂದೇ ಹೊತ್ತಿಗೆ ಚರಂಡಿಯ ಬಾಯಿಗೆ ಬಂದು ನಿಲ್ಲುತ್ತದೆ. ಮೊದಲಿನ ಹರಿವನ್ನು ನೋಡಿ ಕಟ್ಟಿದ ಚರಂಡಿಗೆ ಇದನ್ನು ಹೊರುವ ಶಕ್ತಿ ಇರುವುದಿಲ್ಲ.

ನಿಮ್ಮಲ್ಲಿ ಪರೀಕ್ಷಿಸಬೇಕಾದದ್ದು ಮುಖ್ಯವಾಗಿ ಮಟ್ಟಗಳನ್ನು. ನೆಲಮಾಳಿಗೆಗೆ ಇಳಿಯುವ ರ‍್ಯಾಂಪ್ ರಸ್ತೆಯ ಮಟ್ಟದಿಂದಲೇ ಕೆಳಕ್ಕೆ ಇಳಿದಿದ್ದರೆ ರಸ್ತೆಯ ನೀರಿಗೆ ಅದೇ ಅತಿ ಸುಲಭವಾದ ದಾರಿ. ರ‍್ಯಾಂಪ್ ಮೊದಲು ಸ್ವಲ್ಪ ಮೇಲಕ್ಕೆ ಏರಿ, ಒಂದು ದಿಬ್ಬದಂಥ ಅಂಚನ್ನು ದಾಟಿ, ಆಮೇಲೆ ಇಳಿಯಬೇಕು. ಅಡಿಯಲ್ಲಿ ಅಡ್ಡ ಜಾಲರಿ ಚರಂಡಿಯೂ ಗುಂಡಿಯೂ ಪಂಪೂ ಇರಬೇಕು. ಕಟ್ಟಡದ ಸುತ್ತಲಿನ ನೆಲ ಗೋಡೆಯಿಂದ ದೂರಕ್ಕೆ ಇಳಿದಿರಬೇಕು. ಮೊದಲ ಮೂರು ಮೀಟರಿನಲ್ಲಿ 15 ಸೆಂಟಿಮೀಟರ್ ಇಳಿತವಿದ್ದರೆ ಒಳ್ಳೆಯದು. ಹೊರಗಿನ ಚರಂಡಿ ತುಂಬಿದಾಗ ಅದರ ನೀರಿನ ಮಟ್ಟ ನಿಮ್ಮ ಚರಂಡಿಯ ಬಾಯಿಗಿಂತ ಮೇಲಿದ್ದರೆ ನೀರು ಹಿಮ್ಮುಖವಾಗಿ ಒಳಬರುತ್ತದೆ. ಆಗ ಒಳಗಿನ ಕೊಳವೆಯನ್ನು ಎಷ್ಟೇ ದೊಡ್ಡದು ಮಾಡಿದರೂ ಪ್ರಯೋಜನವಿಲ್ಲ; ನೀರನ್ನು ಒಳಗೇ ಕೆಲವು ಗಂಟೆ ತಡೆದು ನಿಲ್ಲಿಸುವ ತೊಟ್ಟಿ ಅಥವಾ ತಗ್ಗು ತೋಟ ಬೇಕು, ಹಿಂದಕ್ಕೆ ಬರುವ ನೀರನ್ನು ತಡೆಯುವ ಕವಾಟ ಬೇಕು.

ಹೊಸದಾಗಿ ಕಟ್ಟುವವರಿಗೆ ಒಂದು ಒಳ್ಳೆಯ ನಿದರ್ಶನವಿದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಡೇವಿಸ್ ಪಟ್ಟಣದಲ್ಲಿ 1970ರ ದಶಕದಲ್ಲಿ ಮೈಕೆಲ್ ಮತ್ತು ಜೂಡಿ ಕಾರ್ಬೆಟ್ ದಂಪತಿ ರೂಪಿಸಿದ ವಿಲೇಜ್ ಹೋಮ್ಸ್ ಎಂಬ ಬಡಾವಣೆಯಲ್ಲಿ ಮಳೆನೀರನ್ನು ನೆಲದಡಿಯ ಕೊಳವೆಗೆ ತಳ್ಳುವ ಬದಲು ಮನೆಗಳ ನಡುವಿನ ಹಸಿರು ಹಳ್ಳಗಳಲ್ಲಿ ನಿಧಾನವಾಗಿ ಹರಿಯಬಿಟ್ಟು ಇಂಗಿಸಲಾಯಿತು. ಇದು ನಿಭಾಯಿಸಲಾರದೆಂದು ಸಂದೇಹಪಟ್ಟಿದ್ದ ಅಧಿಕಾರಿಗಳಿದ್ದರು. ಆದರೆ ಆ ಹಳ್ಳಗಳು ದೊಡ್ಡ ಮಳೆಗಳನ್ನೂ ತಾಳಿಕೊಂಡವು. ಸಿಯಾಟಲ್ ನಗರದಲ್ಲಿ 2001ರಲ್ಲಿ ಮುಗಿದ ಒಂದು ಬೀದಿಯ ಪ್ರಯೋಗದಲ್ಲಿ ರಸ್ತೆಯನ್ನು ಕಿರಿದುಗೊಳಿಸಿ, ಬಳಸಿ ಸಾಗುವಂತೆ ಮಾಡಿ, ಬದಿಗಳಲ್ಲಿ ಗಿಡಗಳ ತಗ್ಗುಗಳನ್ನು ಕೊಟ್ಟ ಮೇಲೆ ಬೀದಿಯಿಂದ ಹೊರಹರಿಯುವ ನೀರು ಬಹುಪಾಲು ನಿಂತೇಹೋಯಿತು. ಅಲ್ಲಿ ಮಳೆ ಹೆಚ್ಚಾಗಿ ಮೆಲ್ಲಗೆ, ದೀರ್ಘಕಾಲ ಬೀಳುತ್ತದೆ ಎಂಬುದನ್ನು ನೆನಪಿಡಬೇಕು. ಅಲ್ಪ ಹೊತ್ತಿನಲ್ಲಿ ಸುರಿದುಬಿಡುವ ಮಳೆಯ ಪ್ರದೇಶದಲ್ಲಿ ಇಂಥ ತಗ್ಗುಗಳ ಜೊತೆಗೆ, ಅವು ತುಂಬಿ ಉಕ್ಕಿದ ನೀರು ಯಾರ ಮನೆಗೂ ನುಗ್ಗದೆ ಹೋಗಲು ಒಂದು ತೆರೆದ ದಾರಿಯನ್ನೂ ವಿನ್ಯಾಸದಲ್ಲಿ ಕಾಯ್ದಿರಿಸಲೇಬೇಕು. ಬಹಳ ಕಡೆ ಮರೆಯುವುದು ಈ ಕೊನೆಯ ದಾರಿಯನ್ನೇ.

ಪ್ರಶ್ನೆ: ನಮ್ಮ ಜಮೀನು ಇಳಿಜಾರಾಗಿದೆ, ಅಲ್ಲಲ್ಲಿ ಹಳೆಯ ಮರಗಳೂ ಇವೆ. ಇಡೀ ಜಮೀನನ್ನು ಯಂತ್ರದಿಂದ ಸಮತಟ್ಟು ಮಾಡಿದರೆ ಕೆಲಸ ಸುಲಭವಾಗುತ್ತದೆ ಎಂದು ಗುತ್ತಿಗೆದಾರರು ಹೇಳುತ್ತಿದ್ದಾರೆ. ಒಪ್ಪಬಹುದೇ?

ಉತ್ತರ: ದಯವಿಟ್ಟು ಒಪ್ಪಬೇಡಿ. ಕೆಲಸ ಸುಲಭವಾಗುವುದು ಗುತ್ತಿಗೆದಾರರಿಗೆ, ಅದೂ ಕೆಲವು ದಿನಗಳ ಮಟ್ಟಿಗೆ. ಮೇಲಿನಿಂದ ಅಗೆದ ಮಣ್ಣನ್ನು ಕೆಳಗೆ ತುಂಬಿದಾಗ ಅರ್ಧ ಜಮೀನು ಗಟ್ಟಿ ನೆಲವೂ ಅರ್ಧ ಜಮೀನು ಸಡಿಲ ನೆಲವೂ ಆಗುತ್ತದೆ. ತೆಳುವಾದ ಪದರಗಳಲ್ಲಿ ಹರಡಿ, ತಕ್ಕಷ್ಟು ತೇವದಲ್ಲಿ ದಮ್ಮಸು ಮಾಡದ ತುಂಬುಮಣ್ಣು ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ, ಮತ್ತು ಈ ಎರಡೂ ನೆಲಗಳ ಮೇಲೆ ಕಾಲಿಟ್ಟು ನಿಂತ ಕಟ್ಟಡ ಸಂಧಿಯಲ್ಲೇ ಬಿರಿಯುತ್ತದೆ.

ನೂರು ಮೀಟರಿಗೆ ಹತ್ತು ಮೀಟರಿನೊಳಗಿನ ಇಳಿಜಾರನ್ನು ಹೆಚ್ಚು ಕಷ್ಟವಿಲ್ಲದೆ ಬಳಸಬಹುದು. ಹದಿನೈದನ್ನು ದಾಟಿದರೆ ಖರ್ಚು ವೇಗವಾಗಿ ಏರುತ್ತದೆ. ಇಪ್ಪತ್ತೈದನ್ನು ಮೀರಿದ ಭಾಗವನ್ನು ಹಸಿರಾಗಿಯೇ ಬಿಟ್ಟುಬಿಡುವುದು ಜಾಣತನ. ಇನ್ನೊಂದು ತುದಿಯಲ್ಲಿ, ನೂರಕ್ಕೆ ಒಂದಕ್ಕಿಂತ ಕಡಿಮೆ ಇಳಿತವಿರುವ ಮಣ್ಣಿನ ನೆಲದಲ್ಲಿ ನೀರು ಸರಾಗವಾಗಿ ಹರಿಯುವುದಿಲ್ಲ. ಕಟ್ಟಡಗಳ ಉದ್ದವನ್ನು ಸಮೋನ್ನತ ರೇಖೆಗಳ ಗುಂಟ ಇರಿಸಿ, ಮೆಟ್ಟಿಲು ಮೆಟ್ಟಿಲಾದ ಮಟ್ಟಗಳನ್ನು ಮಾಡಿಕೊಂಡರೆ ಅಗೆಯುವ ಮಣ್ಣೂ ತುಂಬುವ ಮಣ್ಣೂ ಸರಿದೂಗಿ, ಹೊರಗಿನಿಂದ ತರುವ ಅಥವಾ ಹೊರಕ್ಕೆ ಸಾಗಿಸುವ ಲಾರಿಗಳ ಸಂಖ್ಯೆ ಇಳಿಯುತ್ತದೆ. ತಡೆಗೋಡೆಗಳನ್ನು ಕಟ್ಟಲೇಬೇಕಾದಲ್ಲಿ ಒಂದು ಎತ್ತರದ ಗೋಡೆಗಿಂತ ಎರಡು ಗಿಡ್ಡ ಗೋಡೆಗಳು ಮೇಲು. ಗೋಡೆಯ ಬೆನ್ನಿಗೆ ಜಲ್ಲಿಯ ಪದರವನ್ನೂ ನೀರು ಹೊರಬರಲು ತೂತುಗಳನ್ನೂ ಕೊಡಲೇಬೇಕು. ತಡೆಗೋಡೆಗಳು ಉರುಳುವುದಕ್ಕೆ ಹಿಂದೆ ಕಟ್ಟಿಕೊಂಡ ನೀರಿನ ಒತ್ತಡ ಸಾಮಾನ್ಯ ಕಾರಣ. ಗಾಲಿಕುರ್ಚಿಯವರೂ ವೃದ್ಧರೂ ಓಡಾಡುವ ಮುಖ್ಯ ದಾರಿಯನ್ನು ಮೊದಲೇ ಗುರುತಿಸಿ, ರ‍್ಯಾಂಪ್‌ಗಳನ್ನು 12ಕ್ಕೆ 1ಕ್ಕಿಂತ ಕಡಿದಾಗದಂತೆ ಇಡಿ. 1 ಮೀಟರ್ ಏರಲು 12 ಮೀಟರ್ ಉದ್ದವೂ ನಡುನಡುವೆ ನಿಲ್ಲುವ ಸಮತಟ್ಟೂ ಬೇಕಾಗುವುದರಿಂದ ಇದನ್ನು ಕೊನೆಯಲ್ಲಿ ಸೇರಿಸಲು ಜಾಗವೇ ಉಳಿಯುವುದಿಲ್ಲ.

ಮರಗಳ ವಿಷಯದಲ್ಲಿ, ಕಡಿಯದಿದ್ದರೆ ಉಳಿದಂತೆ ಎಂಬ ತಿಳಿವಳಿಕೆ ತಪ್ಪು. ಬೇರುಗಳ ಹೆಚ್ಚಿನ ಭಾಗ ನೆಲದ ಮೇಲಿನ ಅರ್ಧ ಮೀಟರ್ ಆಸುಪಾಸಿನಲ್ಲೇ ಇದ್ದು, ಕೊಂಬೆಗಳ ಹರವನ್ನು ಮೀರಿ ಚಾಚಿರುತ್ತದೆ. ಅಲ್ಲಿ ಒಂದೆರಡು ಅಡಿ ಮಣ್ಣು ತುಂಬಿದರೆ, ಅಥವಾ ಭಾರದ ಯಂತ್ರಗಳು ಓಡಾಡಿ ನೆಲವನ್ನು ಅಮುಕಿದರೆ ಬೇರಿಗೆ ಗಾಳಿ ಸಿಗದೆ ಮರ ಕೆಲವು ವರ್ಷಗಳಲ್ಲಿ ಒಣಗುತ್ತದೆ. ಅಷ್ಟರಲ್ಲಿ ಕಾರಣವನ್ನು ಎಲ್ಲರೂ ಮರೆತಿರುತ್ತಾರೆ. ಕೆಲಸ ಆರಂಭವಾಗುವ ಮೊದಲೇ ಕೊಂಬೆಗಳ ಹರವಿನ ಹೊರಗೆ ಗಟ್ಟಿಯಾದ ಬೇಲಿ ಹಾಕಿಸಿ. ಹಾಗೆಯೇ ಮೇಲ್ಪದರದ 15ರಿಂದ 30 ಸೆಂಟಿಮೀಟರ್ ಫಲವತ್ತಾದ ಮಣ್ಣನ್ನು ತೆಗೆದು ಬೇರೆಯಾಗಿ ರಾಶಿ ಹಾಕಿಸಿಕೊಳ್ಳಿ.

ಪ್ರಶ್ನೆ: ಮಕ್ಕಳ ಸುರಕ್ಷತೆಗಾಗಿ ಬಡಾವಣೆಯ ಎಲ್ಲ ರಸ್ತೆಗಳನ್ನೂ ಒಂದು ಕಡೆ ಮುಚ್ಚಿದ ರಸ್ತೆಗಳಾಗಿ ಮಾಡುವುದು ಸರಿಯೇ?

ಉತ್ತರ: ವಾಹನಗಳನ್ನು ದೂರವಿಡುವ ಆಸೆ ಸರಿಯಾದದ್ದು. 1929ರಲ್ಲಿ ಅಮೆರಿಕದ ನ್ಯೂಜೆರ್ಸಿಯ ರ‍್ಯಾಡ್‌ಬರ್ನ್‌ನಲ್ಲಿ ಕ್ಲಾರೆನ್ಸ್ ಸ್ಟೈನ್ ಮತ್ತು ಹೆನ್ರಿ ರೈಟ್ ಅವರು ಮುಚ್ಚಿದ ರಸ್ತೆಗಳ ಸುತ್ತ ಮನೆಗಳನ್ನು ಗುಂಪುಗೂಡಿಸಿದರು. ಆದರೆ ಅವರ ವಿನ್ಯಾಸದ ಇನ್ನರ್ಧವನ್ನು ಅನುಕರಿಸಿದವರು ಹಲವೆಡೆ ಕೈಬಿಟ್ಟರು. ಅಲ್ಲಿ ಮನೆಗಳ ಇನ್ನೊಂದು ಬದಿಯು ಒಟ್ಟಾದ ಉದ್ಯಾನಕ್ಕೆ ತೆರೆದುಕೊಂಡಿತ್ತು, ನಡೆಯುವವರಿಗೆ ಪ್ರತ್ಯೇಕ ದಾರಿಗಳ ಜಾಲವಿತ್ತು, ದೊಡ್ಡ ರಸ್ತೆಯನ್ನು ದಾಟಲು ಅಡಿಸೇತುವೆಯಿತ್ತು. ಮುಚ್ಚಿದ ರಸ್ತೆಯನ್ನಷ್ಟೇ ನಕಲು ಮಾಡಿದಾಗ ಬೆನ್ನಿಗೆ ಬೆನ್ನು ತಾಗಿದ ಮನೆಯವರು ಪರಸ್ಪರ ಭೇಟಿಯಾಗಲು ಒಂದು ಕಿಲೋಮೀಟರ್ ಸುತ್ತಬೇಕಾಗುತ್ತದೆ, ಎಲ್ಲ ವಾಹನಗಳೂ ಒಂದೇ ದ್ವಾರಕ್ಕೆ ಬಂದು ಸೇರುತ್ತವೆ.

ನಾನು ಸೂಚಿಸುವುದೇನೆಂದರೆ, ರಸ್ತೆಗಳನ್ನು ಪರಸ್ಪರ ಕೂಡಿಸಿ, ಆದರೆ ಉದ್ದವಾಗಿ ನೇರವಾಗಿ ಬಿಡಬೇಡಿ. ಅನಿವಾರ್ಯವಾಗಿ ಮುಚ್ಚಿದ ತುದಿಗಳಲ್ಲಿ ನಡೆಯುವವರಿಗೂ ಸೈಕಲ್ಲಿಗೂ ಆಚೆ ದಾಟುವ ಕಿರುದಾರಿ ಕೊಡಿ. ವೇಗವನ್ನು ತಗ್ಗಿಸುವುದು ಫಲಕಕ್ಕಿಂತ ಹೆಚ್ಚಾಗಿ ರಸ್ತೆಯ ಆಕಾರ. ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್ ನಗರದಲ್ಲಿ ಮೊದಲು ರೂಪುಗೊಂಡು 1976ರಲ್ಲಿ ಕಾನೂನಿನ ಮಾನ್ಯತೆ ಪಡೆದ ವಾಸದ ಬೀದಿಗಳಲ್ಲಿ ಮರ, ಬೆಂಚು ಮತ್ತು ತಿರುವುಗಳ ನಡುವೆ ವಾಹನಗಳು ನಡಿಗೆಯ ವೇಗದಲ್ಲಿ ಸಾಗುತ್ತವೆ, ಮಕ್ಕಳು ಅದೇ ನೆಲದಲ್ಲಿ ಆಡುತ್ತಾರೆ. ಅಗ್ನಿಶಾಮಕ ವಾಹನದ ಮಾತು ಮಾತ್ರ ಬೇರೆ: ಅದಕ್ಕೆ ಸುಮಾರು 6 ಮೀಟರ್ ಅಡೆತಡೆಯಿಲ್ಲದ ಅಗಲವೂ, ಉದ್ದವಾದ ಮುಚ್ಚಿದ ರಸ್ತೆಯ ಕೊನೆಯಲ್ಲಿ ತಿರುಗುವ ಜಾಗವೂ ಬೇಕು. ಸ್ಥಳೀಯ ನಿಯಮ ಇದಕ್ಕಿಂತ ಹೆಚ್ಚು ಕೇಳಿದರೆ ಅದನ್ನೇ ಪಾಲಿಸಬೇಕು.

ಪ್ರಶ್ನೆ: ಒಂದು ಕಾರಿಗೆ ಎಷ್ಟು ಜಾಗ ಲೆಕ್ಕ ಹಾಕಬೇಕು?

ಉತ್ತರ: ನಿಲ್ಲುವ ಜಾಗ ಸುಮಾರು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ. ಆದರೆ ಬಂದುಹೋಗುವ ಓಣಿ ಮತ್ತು ತಿರುವುಗಳನ್ನು ಸೇರಿಸಿದರೆ ಪ್ರತಿ ಕಾರಿಗೆ 25ರಿಂದ 30 ಚದರ ಮೀಟರ್ ಬೇಕು. ನಿಲುಗಡೆಯನ್ನು ಒಂದೇ ದೊಡ್ಡ ಬಯಲಾಗಿ ಮಾಡದೆ ಮರಗಳ ಸಾಲುಗಳಿಂದ ಬಿಡಿಸಿ.

ಪ್ರಶ್ನೆ: ನಿವೇಶನ ಕೊಳ್ಳುವವರಾದ ನಮಗೆ ತಾಂತ್ರಿಕ ವಿಷಯ ತಿಳಿಯದು. ಬಡಾವಣೆಯ ವಿನ್ಯಾಸ ಚೆನ್ನಾಗಿದೆಯೇ ಎಂದು ಹೇಗೆ ಗುರುತಿಸುವುದು?

ಉತ್ತರ: ಬಣ್ಣದ ಕರಪತ್ರವನ್ನು ಬದಿಗಿಟ್ಟು, ಮಟ್ಟಗಳನ್ನು ನಮೂದಿಸಿದ ನಕ್ಷೆಯನ್ನು ಕೇಳಿ ಪಡೆಯಿರಿ. ಅದರಲ್ಲಿ ನಿಮ್ಮ ನಿವೇಶನದ ಮುಂದಿನ ರಸ್ತೆಯ ಮಟ್ಟ, ನಿವೇಶನದ ಹಿಂಭಾಗದ ಮಟ್ಟ ಮತ್ತು ಚರಂಡಿಯ ತಳಮಟ್ಟ ಈ ಮೂರನ್ನೂ ಹೋಲಿಸಿ. ರಸ್ತೆ ನಿವೇಶನಕ್ಕಿಂತ ಎತ್ತರದಲ್ಲಿದ್ದರೆ ತುಂಬಿಸುವ ಖರ್ಚು ನಿಮ್ಮ ಮೇಲೆ ಬೀಳುತ್ತದೆ. ಚರಂಡಿ ಎಲ್ಲಿಗೆ ಹೋಗಿ ಸೇರುತ್ತದೆ ಎಂದು ಕೇಳಿ, ಸಾಧ್ಯವಾದರೆ ಆ ತುದಿಯವರೆಗೂ ನಡೆದುಹೋಗಿ ನೋಡಿ. ಎಷ್ಟೋ ಚರಂಡಿಗಳು ಬಡಾವಣೆಯ ಗಡಿಯಲ್ಲೇ ಮುಗಿದು, ಪಕ್ಕದವರ ಖಾಲಿ ಜಮೀನಿಗೆ ನೀರು ಬಿಡುತ್ತವೆ. ಆ ಜಮೀನಿನಲ್ಲಿ ಕಟ್ಟಡ ಎದ್ದ ದಿನ ನಿಮ್ಮ ನೀರಿಗೆ ದಾರಿಯಿರುವುದಿಲ್ಲ.

ಉದ್ಯಾನವೆಂದು ತೋರಿಸಿದ ಜಾಗ ಬಳಕೆಗೆ ಬರುವ ನೆಲವೋ ಅಥವಾ ಯಾವ ನಿವೇಶನಕ್ಕೂ ಒದಗದ ಮೂಲೆಗಳ ಮೊತ್ತವೋ ಎಂಬುದನ್ನು ಗಮನಿಸಿ. ಮನೆಗಳ ಮುಂಭಾಗ ಕಾಣುವ, ಮಕ್ಕಳು ಐದು ನಿಮಿಷದಲ್ಲಿ, ಅಂದರೆ ಸುಮಾರು 400 ಮೀಟರಿನೊಳಗೆ ನಡೆದು ತಲುಪುವ ಉದ್ಯಾನವೇ ನಿಜವಾಗಿ ಬಳಕೆಯಾಗುತ್ತದೆ. ನಕ್ಷೆಯಲ್ಲಿ ತೆಳುವಾದ ಚುಕ್ಕೆಗೆರೆಗಳಿದ್ದರೆ ಅವು ಏನೆಂದು ಬಿಡಿಸಿ ಕೇಳಿ, ಏಕೆಂದರೆ ನೆಲದಡಿಯ ಕೊಳವೆಗೆ ಅಥವಾ ವಿದ್ಯುತ್ ಮಾರ್ಗಕ್ಕೆ ಮೀಸಲಾದ ಪಟ್ಟಿಯ ಮೇಲೆ ನೀವು ಕಟ್ಟುವಂತಿಲ್ಲ. ಬಡಾವಣೆ ಹಂತಹಂತವಾಗಿ ಬೆಳೆಯುವುದಾದರೆ ಮೊದಲ ಹಂತದವರು ಎರಡನೆಯ ಹಂತದ ರಸ್ತೆ, ನೀರು ಮತ್ತು ಒಳಚರಂಡಿಯನ್ನು ನೆಚ್ಚಿಕೊಂಡಿದ್ದಾರೆಯೇ ಎಂದೂ ತಿಳಿದುಕೊಳ್ಳಿ. ಮುಂದಿನ ಹಂತ ನಿಂತುಹೋದರೆ ಮೊದಲ ಹಂತ ಸ್ವತಂತ್ರವಾಗಿ ಬದುಕುವಂತಿರಬೇಕು.

ಆಮೇಲೆ ಜೋರು ಮಳೆ ಬಂದ ದಿನ, ಅಥವಾ ಮರುದಿನ ಬೆಳಗ್ಗೆ, ಜಾಗಕ್ಕೆ ಹೋಗಿ ಬನ್ನಿ. ನಿಂತ ನೀರು, ಕೊರೆದ ಅಂಚು, ಚರಂಡಿಯಲ್ಲಿ ತುಂಬಿದ ಹೂಳು ಎಲ್ಲವೂ ಆಗ ಕಣ್ಣಿಗೆ ಕಾಣುತ್ತವೆ. ಮಟ್ಟಗಳಿರುವ ನಕ್ಷೆಯನ್ನು ಮಾರುವವರು ಕೊಡಲು ಹಿಂಜರಿದರೆ, ಅದು ಕೈಗೆ ಬರುವವರೆಗೆ ಮುಂಗಡ ಹಣ ಕೊಡಬೇಡಿ.